ಕಾರಿನ ಬಣ್ಣದ ಮೇಲೆ ಒಣಗಿ ಕೂತ ವ್ಯಾಕ್ಸ್, ಪಾಲಿಶ್ ಮತ್ತು ಕೋಟಿಂಗ್ ಕಲೆಗಳನ್ನು ತೆಗೆಯುವ ವಿಧಾನ: ಸಮಗ್ರ ಮಾರ್ಗದರ್ಶಿ

ಧೂಳು, ಕೆಸರು, ಹಕ್ಕಿಯ ಹಿಕ್ಕೆ ಇವೆಲ್ಲ ಹೊರಗಿನಿಂದ ಬಂದು ಕಾರಿನ ಮೇಲೆ ಕೂರುವ ಕೊಳೆ. ಆದರೆ ಕಾರನ್ನು ಚೆನ್ನಾಗಿ ಇಟ್ಟುಕೊಳ್ಳಬೇಕೆಂದು ನಾವೇ ಹಚ್ಚಿದ ವಸ್ತುಗಳಿಂದಾಗುವ ಕಲೆಗಳೂ ಇವೆ. ಬಿಡಿಸಲು ಹೋದಾಗ ಹೆಚ್ಚು ಕಾಡುವವು ಇವೇ. ವ್ಯಾಕ್ಸ್ ಒರೆಸುವುದು ತಡವಾದಾಗ ಬಾನೆಟ್ ಮೇಲೆ ಉಳಿಯುವ ಬಿಳಿ ಮಂಕು, ಪಾಲಿಶ್ ಸಿಡಿದು ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಒಣಗಿದ ಸುಣ್ಣದಂಥ ಗುರುತು, ಬಣ್ಣ ಕಾಯಲು ಹಚ್ಚುವ ದ್ರವಲೇಪವಾದ ಸೆರಾಮಿಕ್ ಕೋಟಿಂಗ್ ದಪ್ಪಗೆ ಕೂತು ಎಣ್ಣೆ ಸವರಿದಂತೆ ಕಾಣುವ ಪಟ್ಟೆ, ಚಕ್ರಕ್ಕೆ ಸಿಂಪಡಿಸಿದ ಕ್ಲೀನರ್ ಪಕ್ಕದ ಬಣ್ಣದ ಮೇಲೆ ಇಳಿದು ಒಣಗಿದ ಗೆರೆ, ಸ್ಟಿಕ್ಕರ್ ಕಿತ್ತ ಮೇಲೆ ಉಳಿದ ಅಂಟು, ಇವೆಲ್ಲವೂ ನೋಡಲು ಕಲೆಗಳೇ ಆದರೂ ಎಲ್ಲಕ್ಕೂ ಒಂದೇ ಉಪಾಯ ನಡೆಯುವುದಿಲ್ಲ.

ಕಪ್ಪು ಬಣ್ಣದ ಬಾನೆಟ್ಟೊಂದಕ್ಕೆ ನಾನು ಮೊದಲ ಬಾರಿ ಗಟ್ಟಿ ವ್ಯಾಕ್ಸ್ ಹಚ್ಚಿದಾಗ ಅದನ್ನು ದಪ್ಪವಾಗಿ ಬಳಿದು, ಬಿಸಿಲಿನಲ್ಲೇ ಬಿಟ್ಟು, ಬೇರೆ ಕೆಲಸ ಮುಗಿಸಿಕೊಂಡು ಬಂದಿದ್ದೆ. ಒಣಬಟ್ಟೆಯಿಂದ ತಿಕ್ಕಿದಷ್ಟೂ ಅದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಿತೇ ಹೊರತು ಬಿಡಲಿಲ್ಲ. ಕೊನೆಗೆ ಬಲ ಹಾಕಿ ಉಜ್ಜಿ ತೆಗೆದೆ. ಮರುದಿನ ಬೆಳಕಿಗೆ ನೋಡಿದಾಗ ನನ್ನ ಅಂಗೈ ಓಡಾಡಿದ ದಾರಿಯೆಲ್ಲ ಜೇಡರಬಲೆಯ ಎಳೆಗಳಂತೆ ಸಣ್ಣ ಗೀರುಗಳಾಗಿ ಮೂಡಿತ್ತು. ಆ ವ್ಯಾಕ್ಸನ್ನು ಮೆದುವಾಗಿಸಲು ಅರ್ಧ ನಿಮಿಷ ಸಾಕಾಗುತ್ತಿತ್ತು. ಗೀರುಗಳನ್ನು ಹೋಗಲಾಡಿಸಲು ಒಂದು ದಿನವಿಡೀ ಪಾಲಿಶ್ ಮಾಡಬೇಕಾಯಿತು. ಒಣಗಿದ್ದನ್ನು ಮೊದಲು ಮೆದುವಾಗಿಸಬೇಕು, ಆಮೇಲೆ ಒರೆಸಬೇಕು, ತೋಳಿನ ಬಲವನ್ನು ನೆಚ್ಚಿಕೊಳ್ಳಬಾರದು ಎಂಬುದನ್ನು ಅಂದು ಕಲಿತೆ. ಮುಂದಿನ ಹಂತಗಳೆಲ್ಲ ಈ ಕ್ರಮವನ್ನೇ ಅನುಸರಿಸುತ್ತವೆ.

ಕೈ ಹಾಕುವ ಮುನ್ನ ಬಣ್ಣವನ್ನು ಅರಿಯುವುದು

ಇಂದಿನ ಹೆಚ್ಚಿನ ಕಾರುಗಳ ಲೋಹದ ಮೈಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹೊಳಪು ಕೊಡುವುದೂ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಈ ತೆಳು ಪದರವೇ. ಒಮ್ಮೆ ಸವೆದದ್ದು ಮತ್ತೆ ಬರುವುದಿಲ್ಲವಾದ್ದರಿಂದ ಸವೆಸುವ ಉಪಾಯಗಳನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು.

ಕೆಲವು ಕಾರುಗಳಿಗೆ ಬೇರೆ ಎಚ್ಚರ ಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣವನ್ನು ಎಂದಿಗೂ ಪಾಲಿಶ್ ಮಾಡಬಾರದು. ಮಾಡಿದ ಜಾಗ ಹೊಳೆಯತೊಡಗುತ್ತದೆ, ಆ ಹೊಳಪೇ ಶಾಶ್ವತ ಕಲೆಯಾಗುತ್ತದೆ. ಹೊಸದಾಗಿ ಬಣ್ಣ ಹೊಡೆಸಿದ ಭಾಗ ಪೂರ್ತಿ ಗಟ್ಟಿಯಾಗಲು ಹಲವು ವಾರ ಬೇಕಾಗುವುದರಿಂದ ಅಲ್ಲಿಯವರೆಗೆ ಅದಕ್ಕೆ ದ್ರಾವಕ (ಜಿಡ್ಡು, ಅಂಟು ಕರಗಿಸುವ ದ್ರವ) ತಾಗಿಸಬಾರದು. ಹಳೆಯ ಕಾರುಗಳಲ್ಲಿ ಕ್ಲಿಯರ್ ಕೋಟ್ ಇಲ್ಲದೆ ಬಣ್ಣವೊಂದೇ ಇರುವುದುಂಟು. ಪಾಲಿಶ್ ಮಾಡುವಾಗ ಕಾರಿನ ಬಣ್ಣವೇ ಬಟ್ಟೆಗೆ ಹತ್ತಿದರೆ ನಿಮ್ಮದು ಅಂಥ ಕಾರೆಂದು ತಿಳಿಯಿರಿ. ವಿನೈಲ್ ಹೊದಿಕೆ ಅಥವಾ ರಕ್ಷಣಾ ಫಿಲ್ಮ್ ಅಂಟಿಸಿದ ಕಾರಿಗೆ ಯಾವ ದ್ರಾವಕ ನಡೆಯುತ್ತದೆಂಬುದನ್ನು ಆ ಫಿಲ್ಮಿನ ಸೂಚನೆಯಲ್ಲೇ ನೋಡಿಕೊಳ್ಳಬೇಕು.

ಕಲೆ ಎಲ್ಲಿದೆ, ಯಾವುದರದು

ಕಲೆ ಬಣ್ಣದ ಮೇಲೆ ಕೂತಿದೆಯೋ, ಬಣ್ಣವನ್ನೇ ತಿಂದಿದೆಯೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಕಾರನ್ನು ನೆರಳಿಗೆ ತನ್ನಿ. ಮೊಬೈಲಿನ ಟಾರ್ಚ್ ಹಿಡಿದು ಬೆಳಕು ನೇರವಾಗಿ ಬೀಳದಂತೆ ಓರೆಯಾಗಿ ಹಾಯಿಸಿ, ತಲೆಯನ್ನು ನಿಧಾನವಾಗಿ ಅತ್ತಿತ್ತ ಸರಿಸುತ್ತ ನೋಡಿ. ವ್ಯಾಕ್ಸಿನ ಉಳಿಕೆ ಬಿಳಿಯ ಮಂಕಾಗಿ, ಹಚ್ಚಿದ ಸ್ಪಂಜು ಸುತ್ತಿದ ಬಳೆಯಾಕಾರದಲ್ಲೇ ಕಾಣುತ್ತದೆ. ಸೆರಾಮಿಕ್ ಕೋಟಿಂಗಿನ ದಪ್ಪ ಪಟ್ಟೆ ಸುತ್ತಲಿನ ಬಣ್ಣಕ್ಕಿಂತ ಕಡುವಾಗಿ, ಕೆಲವೊಮ್ಮೆ ನೀರಿನ ಮೇಲೆ ಎಣ್ಣೆ ತೇಲಿದಾಗ ಕಾಣುವ ಕಾಮನಬಿಲ್ಲಿನ ಛಾಯೆಯಲ್ಲಿ ಮಿನುಗುತ್ತದೆ. ಕ್ಲೀನರ್ ಒಣಗಿದ ಕಲೆಗೆ ಮೇಲಿನಿಂದ ಕೆಳಕ್ಕೆ ಹರಿದ ಜಾಡಿರುತ್ತದೆ.

ಅನಂತರ ಎರಡು ಚಿಕ್ಕ ಪರೀಕ್ಷೆಗಳು. ತೊಳೆದು ಒಣಗಿಸಿದ ಜಾಗದ ಮೇಲೆ ಬೆರಳ ತುದಿಯನ್ನು ಹಗುರವಾಗಿ ಆಡಿಸಿ: ಉಬ್ಬಿದಂತೆ ಅಥವಾ ತರಿತರಿಯಾಗಿ ಸಿಕ್ಕರೆ ಮೇಲೆ ಏನೋ ಕೂತಿದೆ, ನುಣುಪಾಗಿದ್ದೂ ಕಲೆ ಕಾಣುತ್ತಿದ್ದರೆ ತೆಳು ಪೊರೆಯಿರಬಹುದು, ಇಲ್ಲವೆ ಪದರ ಸುಟ್ಟಿರಬಹುದು. ಎರಡನೆಯದಾಗಿ, ಬಟ್ಟೆಯ ಮೂಲೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ದ್ರಾವಣ (ಬೆರೆಸುವ ಪ್ರಮಾಣ ಮೂರನೆಯ ಹಂತದಲ್ಲಿದೆ) ತಾಗಿಸಿ ಕಲೆಯ ಅಂಚನ್ನು ಒಂದೇ ಒಂದು ಸಲ ಒರೆಸಿ. ಅಂಚು ಮಸುಕಾದರೆ ಅಥವಾ ಸರಿದರೆ ಅದು ಹಚ್ಚಿದ ವಸ್ತುವಿನ ಉಳಿಕೆ. ಸೂಕ್ತ ದ್ರಾವಕಕ್ಕೆ ಅದು ಬಗ್ಗುತ್ತದೆ. ಏನೂ ಆಗದಿದ್ದರೆ ಗಟ್ಟಿ ವ್ಯಾಕ್ಸ್, ಗಟ್ಟಿಯಾದ ಕೋಟಿಂಗ್, ಸುಟ್ಟ ಪದರ ಈ ಮೂರರಲ್ಲೊಂದಿರಬೇಕು.

ಬೇಕಾಗುವ ಸಾಮಾನು

ಸಾಮಾನಿನ ಪಟ್ಟಿ ದೊಡ್ಡದೇನಲ್ಲ. ಪಿಎಚ್ ತಟಸ್ಥವಾದ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ ಕಾರ್ ಶಾಂಪೂ, ಎರಡು ಬಕೆಟ್, ಮೃದುವಾದ ಏಳೆಂಟು ಮೈಕ್ರೋಫೈಬರ್ ಬಟ್ಟೆ, ಮೃದು ಕೂದಲಿನ ಸಣ್ಣ ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಟಾರು, ಅಂಟು ಬಿಡಿಸಲು ಕಾರಿನ ಬಣ್ಣಕ್ಕೆಂದೇ ತಯಾರಾದ ಟಾರ್ ರಿಮೂವರ್, ಸೌಮ್ಯ ಪಾಲಿಶ್, ಮಾಸ್ಕಿಂಗ್ ಟೇಪ್ ಮತ್ತು ನೈಟ್ರೈಲ್ ಕೈಗವಸು ಇದ್ದರೆ ಬಹುಪಾಲು ಕಲೆಗಳನ್ನು ಎದುರಿಸಬಹುದು. ಥಿನ್ನರ್, ಅಸಿಟೋನ್, ಪೆಟ್ರೋಲ್ ಇವನ್ನು ಬಳಸಲೇಬಾರದು. ಮೊದಲೆರಡು ಬಣ್ಣವನ್ನೇ ಮೆದುವಾಗಿಸಬಲ್ಲವು, ಮೂರನೆಯದು ಬೆಂಕಿಯ ಅಪಾಯ. ಪಾತ್ರೆ ತಿಕ್ಕುವ ಒರಟು ಸ್ಪಂಜೂ, ಕಲೆ ಅಳಿಸುವುದಕ್ಕೆಂದು ಸಿಗುವ ಬಿಳಿ ಮೆಲಮೈನ್ ಸ್ಪಂಜೂ ನುಣ್ಣನೆಯ ಮರಳುಕಾಗದದಂತೆ ಕೆಲಸ ಮಾಡುತ್ತವೆ. ಅವು ಕಾರಿನ ಹತ್ತಿರ ಸುಳಿಯದಿರಲಿ.

ಮೊದಲ ಹಂತ: ತೊಳೆದು ತಣ್ಣಗಾಗಿಸುವುದು

ಅಂಗೈಯ ಹಿಂಭಾಗವನ್ನು ಬಾನೆಟ್ ಮೇಲಿಟ್ಟಾಗ ಬೆಚ್ಚಗೆನಿಸಿದರೂ ಕಾಯಿರಿ. ಬಿಸಿಯಾದ ಲೋಹದ ಮೇಲೆ ಯಾವ ದ್ರಾವಣವೂ ಕೆಲಸ ಮಾಡುವ ಮುನ್ನವೇ ಆರಿ, ಹಳೆಯ ಕಲೆಯ ಮೇಲೆ ಹೊಸ ಕಲೆಯನ್ನು ಸೇರಿಸುತ್ತದೆ. ತಣ್ಣಗಾದ ಮೇಲೆ ಧಾರಾಳವಾಗಿ ನೀರು ಹೊಯ್ದು ಸಡಿಲ ಧೂಳನ್ನೆಲ್ಲ ಇಳಿಸಿ, ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು ಇಟ್ಟುಕೊಂಡು, ಒರೆಸಿದ ಮೈಕ್ರೋಫೈಬರ್ ಬಟ್ಟೆಯನ್ನು ಪ್ರತಿ ಸಲವೂ ಬರೀ ನೀರಿನಲ್ಲಿ ಜಾಲಾಡಿಸಿ ಶಾಂಪೂವಿಗೆ ಅದ್ದಿ ತೊಳೆಯಿರಿ. ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಏಕೆಂದರೆ ಮರಳು ಮತ್ತು ಕೆಸರು ಹೆಚ್ಚಾಗಿ ಕೂರುವುದು ಬಾಗಿಲುಗಳ ಕೆಳಭಾಗದಲ್ಲಿ. ಒಣಗಿಸುವಾಗ ಬಟ್ಟೆಯನ್ನು ತಿಕ್ಕದೆ ಮೈಮೇಲೆ ಹಾಸಿ ಎಳೆಯಿರಿ.

ತೊಳೆದ ಮೇಲೂ ಉಳಿದದ್ದು ಮಾತ್ರ ನಿಜವಾದ ಕಲೆ. ತೊಳೆಯದೆ ಕಲೆಯನ್ನು ಒರೆಸಲು ಹೋದರೆ ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕ ಒಂದೇ ಮರಳಿನ ಕಣ ಸಾಕು, ಉದ್ದನೆಯ ಗೀರು ಬೀಳುತ್ತದೆ.

ಎರಡನೆಯ ಹಂತ: ಹಚ್ಚಿದ್ದನ್ನೇ ಮತ್ತೆ ಹಚ್ಚಿ ಮೆದುವಾಗಿಸುವುದು

ಒಣಗಿದ ವ್ಯಾಕ್ಸ್ ಮತ್ತು ಪಾಲಿಶ್‌ಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ, ಆದರೂ ಇದನ್ನು ಮಾಡಿನೋಡುವವರು ಕಡಿಮೆ. ಡಬ್ಬಿಯಲ್ಲಿರುವ ವ್ಯಾಕ್ಸ್ ಹಚ್ಚಲು ಬರುವಷ್ಟು ಮೆದುವಾಗಿರುವುದು ಅದರೊಳಗಿನ ದ್ರಾವಕದಿಂದ. ಹಚ್ಚಿದ ಮೇಲೆ ದ್ರಾವಕ ಆರಿಹೋಗಿ ಗಟ್ಟಿ ಭಾಗ ಉಳಿಯುತ್ತದೆ. ಅದೇ ವ್ಯಾಕ್ಸನ್ನು ತೆಳ್ಳಗೆ ಕಲೆಯ ಮೇಲೆ ಮತ್ತೊಮ್ಮೆ ಸವರಿದಾಗ ಹೊಸ ಪದರದ ದ್ರಾವಕ ಹಳೆಯದನ್ನೂ ಮೆದುವಾಗಿಸುತ್ತದೆ. ಅಂಗೈಯಗಲದ ಜಾಗವನ್ನಷ್ಟೇ ತೆಗೆದುಕೊಂಡು, ಸ್ಪಂಜಿನಿಂದ ಹತ್ತಿಪ್ಪತ್ತು ಸೆಕೆಂಡು ಹಗುರವಾಗಿ ಸುತ್ತಿಸಿ, ಆರಲು ಬಿಡದೆ ಕೂಡಲೇ ಸ್ವಚ್ಛ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬಟ್ಟೆಯ ಮಗ್ಗುಲನ್ನು ಮಡಚಿ ಬದಲಿಸಿ ಇನ್ನೊಮ್ಮೆ ಒರೆಸಿ. ಮೊದಲ ಒರೆಸಿಗೆ ಬಟ್ಟೆ ಜಾರದೆ ತಡೆದಂತೆನಿಸುತ್ತದೆ. ಎರಡನೆಯದಕ್ಕೆ ಸರಾಗವಾಗಿ ಜಾರತೊಡಗುತ್ತದೆ. ಆ ವ್ಯತ್ಯಾಸ ಬೆರಳಿಗೆ ತಿಳಿದಾಗ ಕಲೆ ಬಿಟ್ಟಿದೆಯೆಂದೇ ಅರ್ಥ.

ಇಲ್ಲಿ ಬಿಸಿನೀರನ್ನು ನೆಚ್ಚಬಾರದು. ಗಟ್ಟಿ ವ್ಯಾಕ್ಸುಗಳಲ್ಲಿ ಬಳಕೆಯಾಗುವ ಕಾರ್ನೌಬಾ, ಬ್ರೆಜಿಲ್‌ನಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಗಳಿಂದ ಸಿಗುವ ಮೇಣ. ಅದು ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೈ ತಾಳುವಷ್ಟು ಬಿಸಿಯಾದ ನೀರು ಅದನ್ನು ಕರಗಿಸಲಾರದು, ಅದಕ್ಕಿಂತ ಬಿಸಿ ನೀರನ್ನು ಬಣ್ಣದ ಮೇಲೆ ಹೊಯ್ಯುವುದು ಒಳ್ಳೆಯದಲ್ಲ.

ಮೂರನೆಯ ಹಂತ: ದ್ರಾವಕಗಳ ಬಳಕೆ

ಎರಡನೆಯ ಹಂತಕ್ಕೆ ಬಗ್ಗದ ಜಿಡ್ಡಿಗೆ ದ್ರಾವಕ ಬೇಕು, ಆದರೆ ಯಾವ ಜಿಡ್ಡಿಗೆ ಯಾವುದೆಂಬ ವಿವೇಚನೆಯೂ ಬೇಕು. ಪಾಲಿಶ್‌ನ ಎಣ್ಣೆ, ಬೆರಳಚ್ಚು, ಒರೆಸಿದಾಗ ಮೋಡದಂತೆ ಹರಡುವ ತೆಳು ಪೊರೆ ಇವುಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಳ್ಳೆಯದು. ಶೇಕಡಾ 70ರ ಆಲ್ಕೊಹಾಲಿನ ಒಂದು ಪಾಲಿಗೆ ನಾಲ್ಕು ಪಾಲು ಶುದ್ಧೀಕರಿಸಿದ ನೀರು ಬೆರೆಸಿದರೆ ಶೇಕಡಾ 14ರ ದ್ರಾವಣ ಸಿಗುತ್ತದೆ. ಹೆಚ್ಚಿನ ಕೆಲಸಕ್ಕೆ ಅದೇ ಸಾಕು. ಮೊಂಡು ಕಲೆಗೆ ಸಮಪಾಲು ನೀರು ಬೆರೆಸಿ ಶೇಕಡಾ 35ರವರೆಗೆ ಹೋಗಬಹುದು, ಆದರೆ ಮೊದಲು ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಪರೀಕ್ಷಿಸಿ. ನೀರು ಬೆರೆಸದೆ ಬಳಸಿದರೆ ಅದು ಬೇಗ ಆರಿಹೋಗುವುದಲ್ಲದೆ ಬಟ್ಟೆ ಜಾರದೆ ಗೀರು ಬೀಳುವ ಸಂಭವವೂ ಹೆಚ್ಚು.

ಗಟ್ಟಿ ವ್ಯಾಕ್ಸಿನ ಮೇಲೆ ಆಲ್ಕೊಹಾಲಿನ ಪ್ರಭಾವ ಕಡಿಮೆ. ವ್ಯಾಕ್ಸ್, ಟಾರು, ಸ್ಟಿಕ್ಕರಿನ ಅಂಟು ಇವುಗಳಿಗೆ ಪೆಟ್ರೋಲಿಯಂ ಮೂಲದ ಟಾರ್ ರಿಮೂವರ್ ಸರಿಯಾದದ್ದು. ಇದನ್ನು ಕಾರಿನ ಮೇಲೆ ಸಿಂಪಡಿಸುವ ಬದಲು ಬಟ್ಟೆಗೆ ಹಾಕಿಕೊಂಡು, ಆ ಬಟ್ಟೆಯನ್ನು ಕಲೆಯ ಮೇಲೆ ಒತ್ತಿ ಮೂವತ್ತು ಸೆಕೆಂಡಿನಿಂದ ಒಂದು ನಿಮಿಷ ಹಾಗೆಯೇ ಹಿಡಿಯಿರಿ. ಆಮೇಲೆ ಒಂದೇ ದಿಕ್ಕಿನಲ್ಲಿ ಎಳೆದು ಒರೆಸಿ. ಪೂರ್ತಿ ಬಿಡದಿದ್ದರೆ ಒತ್ತಡ ಹೆಚ್ಚಿಸದೆ ಇನ್ನೊಮ್ಮೆ ನೆನೆಸಿ. ಕೆಲಸ ಮುಗಿದೊಡನೆ ಆ ಜಾಗವನ್ನು ಶಾಂಪೂ ನೀರಿನಿಂದ ತೊಳೆಯಬೇಕು, ಇಲ್ಲವಾದರೆ ದ್ರಾವಕದ ಜಿಡ್ಡೇ ಇನ್ನೊಂದು ಕಲೆಯಾಗಿ ಉಳಿಯುತ್ತದೆ. ರಬ್ಬರ್ ಬೀಡಿಂಗ್ ಮತ್ತು ಹೆಡ್‌ಲೈಟಿನ ಪ್ಲಾಸ್ಟಿಕ್‌ಗೆ ಇದು ತಾಗದಿರಲಿ.

ಸ್ಟಿಕ್ಕರ್ ಇನ್ನೂ ಅಂಟಿಕೊಂಡೇ ಇದ್ದರೆ ಮೊದಲು ಹೇರ್ ಡ್ರೈಯರ್‌ನಿಂದ, ಬೆರಳಿಟ್ಟರೆ ತಾಳುವಷ್ಟು ಬೆಚ್ಚಗೆ ಮಾಡಿ, ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಮೈಗೆ ಒರಗಿದಂತೆ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ಬ್ಲೇಡು ಬೇಡವೇ ಬೇಡ. ಉಳಿದ ಅಂಟಿಗೆ ಮೇಲೆ ಹೇಳಿದ ಕ್ರಮವೇ ಸಾಕು.

ಈ ಎಲ್ಲ ಕೆಲಸವನ್ನೂ ಗಾಳಿಯಾಡುವ ಕಡೆ, ಬೆಂಕಿ ಮತ್ತು ಕಿಡಿಯಿಂದ ದೂರ, ಕೈಗವಸು ಹಾಕಿಕೊಂಡೇ ಮಾಡಿ. ಎರಡು ಬಗೆಯ ಕ್ಲೀನರ್‌ಗಳನ್ನು ಎಂದಿಗೂ ಒಟ್ಟಿಗೆ ಬೆರೆಸಬೇಡಿ.

ಸೆರಾಮಿಕ್ ಕೋಟಿಂಗಿನ ಪಟ್ಟೆಗಳು

ಇವು ಬೇರೆಯೇ ಜಾತಿ. ಈ ಕೋಟಿಂಗುಗಳು ಹೆಚ್ಚಾಗಿ ಸಿಲಿಕಾ ಮೂಲದವು. ದ್ರವ ಆರಿದ ಮೇಲೆ ಬಣ್ಣಕ್ಕೆ ಕಚ್ಚಿಕೊಂಡು ಗಟ್ಟಿ ಪೊರೆಯಾಗುತ್ತವೆ. ಆದ್ದರಿಂದ ಪಟ್ಟೆ ಮೂಡಿದ್ದು ಎಷ್ಟು ಬೇಗ ಕಣ್ಣಿಗೆ ಬಿತ್ತೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹಚ್ಚಿದ ಮೊದಲ ಒಂದೆರಡು ಗಂಟೆಯೊಳಗಾದರೆ ಅದೇ ಕೋಟಿಂಗಿನ ಎರಡು ಹನಿಯನ್ನು ಪಟ್ಟೆಯ ಮೇಲೆ ಸವರಿ ಕೂಡಲೇ ಒರೆಸಿ ಸಮ ಮಾಡಬಹುದು. ವ್ಯಾಕ್ಸಿಗೆ ಹೇಳಿದ ತತ್ತ್ವವೇ ಇಲ್ಲಿಯೂ ನಡೆಯುತ್ತದೆ. ಒಂದು ದಿನ ಕಳೆದ ಮೇಲೆ ಯಾವ ದ್ರಾವಕವೂ ಅದನ್ನು ಅಲುಗಿಸುವುದು ಕಷ್ಟ. ಆಗ ಆ ಜಾಗವನ್ನಷ್ಟೇ ಸೌಮ್ಯ ಪಾಲಿಶ್‌ನಿಂದ ಸವೆಸಿ ತೆಗೆದು, ಆಲ್ಕೊಹಾಲಿನಿಂದ ಒರೆಸಿ, ಅಲ್ಲಿಗೆ ಮಾತ್ರ ಹೊಸದಾಗಿ ಕೋಟಿಂಗ್ ಹಚ್ಚಬೇಕಾಗುತ್ತದೆ. ಅದಕ್ಕಾಗಿಯೇ ಕೋಟಿಂಗ್ ಹಚ್ಚುವವರು ಪ್ರತಿಯೊಂದು ಭಾಗವನ್ನೂ ಮುಗಿಸಿದೊಡನೆ ಕೆಳಗೆ ಬಗ್ಗಿ, ಎರಡು ಮೂರು ಕೋನಗಳಿಂದ ಟಾರ್ಚ್ ಹಿಡಿದು ನೋಡಲೇಬೇಕು. ಈ ಐದು ನಿಮಿಷವನ್ನು ಉಳಿಸಲು ಹೋಗಿ ಮರುದಿನ ಅರ್ಧ ದಿನ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ನಾಲ್ಕನೆಯ ಹಂತ: ಕ್ಲೇ ಮತ್ತು ಪಾಲಿಶ್

ದ್ರಾವಕದ ನಂತರವೂ ಬೆರಳಿಗೆ ತರಿ ಸಿಗುತ್ತಿದ್ದರೆ, ಅಂಟಿದ ಕಣಗಳನ್ನು ಎತ್ತಿಕೊಳ್ಳುವ ಜೇಡಿಮಣ್ಣಿನಂಥ ಮೆದು ಮುದ್ದೆಯಾದ ಕ್ಲೇ ಬಾರ್ ಬಳಸಬಹುದು. ಅದರ ತುಂಡನ್ನು ಚಪ್ಪಟೆ ಮಾಡಿ, ಕ್ಲೇ ಸರಾಗವಾಗಿ ಜಾರುವಂತೆ ಮಾಡುವ ದ್ರಾವಣವನ್ನು ಕಾರಿನ ಮೈಮೇಲೆ ಧಾರಾಳವಾಗಿ ಸಿಂಪಡಿಸಿ, ಕ್ಲೇಯ ತೂಕಕ್ಕಿಂತ ಹೆಚ್ಚು ಬಲ ಬೀಳದಂತೆ ನೇರ ಗೆರೆಯಲ್ಲಿ ಆಡಿಸಬೇಕು. ಕೊಳೆ ಕಂಡಾಗಲೆಲ್ಲ ಮಡಚಿ ಹೊಸ ಮೈ ಹೊರಳಿಸಬೇಕು. ನೆಲಕ್ಕೆ ಬಿದ್ದ ಕ್ಲೇಯನ್ನು ಮತ್ತೆ ಬಳಸುವ ಮಾತೇ ಇಲ್ಲ.

ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನೇ ಸ್ವಲ್ಪ ಸವೆಸುವುದು. ಬೇರೇನೂ ಫಲಿಸದಾಗ, ಅಥವಾ ಕಲೆ ಪದರವನ್ನೇ ಸುಟ್ಟಿದ್ದಾಗ ಮಾತ್ರ ಇದಕ್ಕೆ ಕೈ ಹಾಕಿ. ಒಂದು ಗೇಣಿನಷ್ಟು ಜಾಗದಲ್ಲಿ ಅತ್ಯಂತ ಸೌಮ್ಯವಾದ ಪಾಲಿಶ್ ಮತ್ತು ಮೃದು ಫೋಮ್ ಪ್ಯಾಡಿನಿಂದ ಮೊದಲು ಮಾಡಿ ನೋಡಿ. ಕಲೆ ಹೋದರೆ ಅದಕ್ಕಿಂತ ಒರಟಾದದ್ದು ಬೇಕಿಲ್ಲ. ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲಿನದನ್ನು ತೆಗೆದುಕೊಳ್ಳಿ. ಮೆಷಿನ್ ಬಳಸುವುದಾದರೆ ಒಂದೇ ಕೇಂದ್ರದಲ್ಲಿ ಗಿರ್ರನೆ ತಿರುಗುವ ರೋಟರಿಗಿಂತ, ತಿರುಗುತ್ತಲೇ ಅತ್ತಿತ್ತ ಆಡುವ ಡ್ಯುಯಲ್ ಆಕ್ಷನ್ ಮೆಷಿನ್ ಹೊಸಬರಿಗೆ ಕ್ಷೇಮ, ಏಕೆಂದರೆ ಅದು ಒಂದೆಡೆ ಬಿಸಿ ಕೂಡಿಸಿ ಬಣ್ಣ ಸುಡುವ ಸಂಭವ ಕಡಿಮೆ. ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಪಾಲಿಶ್ ಹಾಕಿಕೊಂಡು, ಹೆಚ್ಚೆಂದರೆ 50 ಸೆಂಟಿಮೀಟರ್ ಚೌಕದಲ್ಲಿ, ಒಮ್ಮೆ ಅಡ್ಡ ಒಮ್ಮೆ ಉದ್ದ ಎಂಬಂತೆ ನಾಲ್ಕರಿಂದ ಆರು ಸಲ ನಿಧಾನವಾಗಿ ಓಡಿಸಿ ಒರೆಸಿ. ಬಾಗಿಲಿನ ಅಂಚು, ಬಾನೆಟ್ಟಿನ ಏರುಗೆರೆ ಇಂಥ ಕಡೆ ಪದರ ತೆಳ್ಳಗಿರುವುದರಿಂದ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿ ಮುಚ್ಚಿಡಿ. ಪಾಲಿಶ್ ಮುಗಿದ ಜಾಗವನ್ನು ಆಲ್ಕೊಹಾಲ್ ದ್ರಾವಣದಿಂದ ಒರೆಸಿಯೇ ನೋಡಬೇಕು, ಏಕೆಂದರೆ ಪಾಲಿಶ್‌ನ ಎಣ್ಣೆ ಗೀರುಗಳನ್ನು ತುಂಬಿಕೊಂಡು, ಎಲ್ಲ ಸರಿಯಾಯಿತೆಂಬ ಭ್ರಮೆ ಹುಟ್ಟಿಸುತ್ತದೆ.

ಎರಡು ಸಲ ಮಾಡಿದ ಮೇಲೂ ಕಲೆಯ ನೆರಳು ಉಳಿದರೆ ಅಲ್ಲಿಗೆ ನಿಲ್ಲಿಸಿ. ಇನ್ನಷ್ಟು ಸವೆಸಿ ಕ್ಲಿಯರ್ ಕೋಟ್ ಕಳೆದುಕೊಳ್ಳುವುದಕ್ಕಿಂತ ಸಣ್ಣ ನೆರಳನ್ನು ಉಳಿಸಿಕೊಳ್ಳುವುದೇ ಮೇಲು. ಪದರದ ದಪ್ಪ ಅಳೆಯುವ ಮೀಟರ್ ಇರುವ ನುರಿತವರಿಗೆ ತೋರಿಸಿ ಮುಂದಿನದನ್ನು ನಿರ್ಧರಿಸಬಹುದು.

ಕಪ್ಪು ಪ್ಲಾಸ್ಟಿಕ್, ಅಕ್ಷರಗಳು ಮತ್ತು ಸಂದುಗಳು

ಬಂಪರಿನ ಕಪ್ಪು ಪ್ಲಾಸ್ಟಿಕ್ಕನ್ನು ಹತ್ತಿರದಿಂದ ನೋಡಿದರೆ ಚರ್ಮದಂತೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಪಾಲಿಶ್‌ನಲ್ಲಿರುವ ಅಲ್ಯುಮಿನಿಯಂ ಆಕ್ಸೈಡಿನಂಥ ನುಣ್ಣನೆಯ ಪುಡಿ ಎಣ್ಣೆಯೊಂದಿಗೆ ಆ ಗುಳಿಗಳೊಳಗೆ ಇಳಿದು ಒಣಗುತ್ತದೆ. ಬಟ್ಟೆ ಮೇಲೆ ಮೇಲೆಯೇ ಜಾರುವುದರಿಂದ ಒಳಗಿನದನ್ನು ಮುಟ್ಟುವುದೇ ಇಲ್ಲ. ಇಲ್ಲಿ ಬ್ರಷ್ ಬೇಕು. ಎಲ್ಲಕ್ಕೂ ಆಗುವ ಕ್ಲೀನರನ್ನು ಒಂದಕ್ಕೆ ಹತ್ತು ಪಾಲು ನೀರಿನಲ್ಲಿ ಬೆರೆಸಿ, ಮೃದು ಬ್ರಷ್ಷನ್ನು ಅದರಲ್ಲಿ ಅದ್ದಿ ಸುತ್ತುತ್ತ ಉಜ್ಜಿ, ನೊರೆ ಬಿಳಿಯಾದೊಡನೆ ಒದ್ದೆಬಟ್ಟೆಯಿಂದ ಒತ್ತಿ ತೆಗೆಯಿರಿ. ಚಿಕ್ಕ ಗುರುತಾದರೆ ಪೆನ್ಸಿಲ್ ಅಳಿಸುವ ಮೃದು ರಬ್ಬರಿನಿಂದಲೇ ಹೋಗುವುದುಂಟು. ಪ್ಲಾಸ್ಟಿಕ್ಕಿಗೆ ಕಪ್ಪು ಹೊಳಪು ಕೊಡುವ ಡ್ರೆಸ್ಸಿಂಗನ್ನು ಬಿಳಿ ಕಲೆಯ ಮೇಲೆ ಹಾಗೆಯೇ ಹಚ್ಚಿದರೆ ಕಲೆ ಕೆಲವು ದಿನ ಮರೆಯಾಗಿ ಮಳೆ ಬಂದೊಡನೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಡಿಕ್ಕಿಯ ಮೇಲಿನ ಲೋಹದ ಅಕ್ಷರಗಳ ಸುತ್ತ, ಬಾಗಿಲಿನ ಹಿಡಿಯ ಕೆಳಗೆ, ಬಾನೆಟ್ಟಿನ ಸಂದಿನಲ್ಲಿ ಒಣಗಿದ ಪಾಲಿಶ್‌ಗೆ ಆಲ್ಕೊಹಾಲ್ ದ್ರಾವಣದಲ್ಲಿ ಅದ್ದಿದ ಸಣ್ಣ ಬ್ರಷ್ ಸಾಕು. ಅಕ್ಷರಗಳ ಮೂಲೆಯಿಂದ ಹೊರಮುಖವಾಗಿ ಗುಡಿಸಿದಂತೆ ಬ್ರಷ್ ಆಡಿಸಿದರೆ ಬಿಳಿ ಪುಡಿ ಸಣ್ಣ ಸಣ್ಣ ತುಣುಕುಗಳಾಗಿ ಎದ್ದು ಬರುತ್ತದೆ. ಸೂಜಿ ಅಥವಾ ಪಿನ್ನಿನಿಂದ ಕೆದಕುವ ಆತುರ ಬೇಡ.

ಕ್ಲೀನರ್ ಒಣಗಿದ ಗೆರೆಗಳು

ಶಾಂಪೂ ಅಥವಾ ಕ್ಲೀನರ್ ಒಣಗಿದ್ದರೆ ಅದನ್ನೇ ಮತ್ತೆ ಹಾಕಿ ಒದ್ದೆ ಮಾಡಿ, ಅರ್ಧ ನಿಮಿಷ ಬಿಟ್ಟು, ಒಣಗಲು ಅವಕಾಶ ಕೊಡದೆ ತೊಳೆಯಿರಿ. ಬ್ರೇಕಿನ ಕಬ್ಬಿಣದ ಕಣಗಳನ್ನು ಕರಗಿಸುವ ಐರನ್ ರಿಮೂವರ್ ಕೆಲಸ ಮಾಡುವಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒಣಗಲು ಬಿಟ್ಟರೆ ಆ ನೇರಳೆ ಜಾಡೇ ಕಲೆಯಾಗುತ್ತದೆ, ಅದಕ್ಕೂ ಇದೇ ಚಿಕಿತ್ಸೆ. ನೀರಿನ ಸುಣ್ಣಾಂಶ ಉಂಗುರವಾಗಿ ಕೂತಿದ್ದರೆ ಬಿಳಿ ವಿನಿಗರಿಗೆ ಸಮಪಾಲು ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ನೆನೆಸಿ, ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿ ಚೆನ್ನಾಗಿ ತೊಳೆಯಿರಿ. ಕ್ಷಾರೀಯ ಕ್ಲೀನರ್ ಕಿಟಕಿಯ ಸುತ್ತಲಿನ ಅಲ್ಯುಮಿನಿಯಂ ಪಟ್ಟಿಗೆ ತಾಗಿ ಹಾಲಿನಂಥ ಬಿಳುಪು ಮೂಡಿದ್ದರೆ ಮಾತ್ರ ಅದು ಲೋಹದ ರಕ್ಷಣಾ ಪದರವೇ ಸುಟ್ಟ ಗುರುತು, ತೊಳೆದು ತೆಗೆಯಲಾಗದು.

ಕೆಲಸ ಮುಗಿದ ಮೇಲೆ

ದ್ರಾವಕ, ಕ್ಲೇ ಅಥವಾ ಪಾಲಿಶ್ ಬಳಸಿದ ಜಾಗದಲ್ಲಿ ಮೊದಲಿದ್ದ ವ್ಯಾಕ್ಸಿನ ಕಾವಲೂ ಹೋಗಿರುವುದರಿಂದ ಮತ್ತೆ ತೆಳ್ಳಗೆ ವ್ಯಾಕ್ಸ್ ಅಥವಾ ಸೀಲೆಂಟ್ (ವ್ಯಾಕ್ಸಿನಂತೆಯೇ ಬಣ್ಣ ಕಾಯುವ ಕೃತಕ ಲೇಪ) ಹಚ್ಚಬೇಕು. ಹಚ್ಚುವ ಮುನ್ನ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳ ಅಂಚಿಗೆ ಟೇಪ್ ಅಂಟಿಸಿಕೊಳ್ಳಿ. ಹಚ್ಚಿದ್ದು ಕಂಡೂ ಕಾಣದಷ್ಟು ತೆಳುವಾಗಿರಲಿ, ದಪ್ಪ ಪದರದಿಂದ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಶ್ರಮ ಮಾತ್ರ ಹೆಚ್ಚುತ್ತದೆ. ಯಾವಾಗ ಒರೆಸಬೇಕೆಂದು ತಿಳಿಯಲು ಬೆರಳಿನಿಂದ ಒಂದು ಗೆರೆ ಎಳೆದು ನೋಡಿ: ಗೆರೆ ಕಲಸಿಹೋದರೆ ಇನ್ನೂ ಆರಿಲ್ಲ, ಬೆರಳು ಹೋದ ದಾರಿಯಲ್ಲಿ ಬಣ್ಣ ಸ್ವಚ್ಛವಾಗಿ ಹೊಳೆದರೆ ಒರೆಸುವ ಹೊತ್ತಾಗಿದೆ. ಡಬ್ಬಿಯ ಮೇಲೆ ಹಚ್ಚಿದೊಡನೆ ಒರೆಸಿ ತೆಗೆಯಿರಿ ಎಂದಿದ್ದರೆ ಈ ಪರೀಕ್ಷೆಗೂ ಕಾಯದೆ ತೆಗೆಯಿರಿ.

ಬಳಸಿದ ಮೈಕ್ರೋಫೈಬರ್ ಬಟ್ಟೆಗಳನ್ನು ಬೇರೆ ಬಟ್ಟೆಗಳ ಜೊತೆ ಸೇರಿಸದೆ, ಮೃದುಕಾರಕ ಹಾಕದೆ, ದ್ರವ ಸೋಪಿನಲ್ಲಿ ಒಗೆಯಿರಿ. ಮೃದುಕಾರಕದ ಜಿಡ್ಡು ಎಳೆಗಳಿಗೆ ಹತ್ತಿ ಮುಂದಿನ ಸಲ ಕಾರಿನ ಮೇಲೆ ಮೋಡದಂತೆ ಹರಡುತ್ತದೆ. ಟಾರ್ ರಿಮೂವರ್ ಅಥವಾ ಆಲ್ಕೊಹಾಲ್ ಹೀರಿದ ಬಟ್ಟೆಗಳನ್ನು ಮುದುಡಿ ಮೂಲೆಗೆ ಎಸೆಯದೆ, ಮೊದಲು ಹೊರಗೆ ಬಿಡಿಸಿ ಹರವಿ, ವಾಸನೆ ಪೂರ್ತಿ ಹೋದ ಮೇಲೆಯೇ ಒಗೆಯಲು ಹಾಕಿ.